ಬಳೆಗಾರರ ಮನೆಯಿಂದ ಕವಿಚಕ್ರವರ್ತಿ ಪಟ್ಟದವರೆಗೆ: ಮುಧೋಳದ ರನ್ನ

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಪೇಟೆಯಲ್ಲಿ ಬಳೆ ಅಂಗಡಿಯನ್ನಾಗಲಿ, ಬ್ಯೂಟಿ ಪಾರ್ಲರನ್ನಾಗಲಿ ತೆರೆಯಬೇಕಾದರೆ ನಗರಸಭೆಯ ಉದ್ದಿಮೆ ಪರವಾನಗಿ ಬೇಕು. ಬೀಳಗಿಯಲ್ಲಾದರೆ ಪಟ್ಟಣ ಪಂಚಾಯಿತಿಯ ಪರವಾನಗಿ. ಅದರೊಡನೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ ಅಡಿಯಲ್ಲಿ ಕಾರ್ಮಿಕ ಇಲಾಖೆಯ ನೋಂದಣಿ. ಅವಧಿ ಮುಗಿದಾಗ ಎರಡನ್ನೂ ನವೀಕರಿಸಿಕೊಳ್ಳಬೇಕು. ಅಮೆರಿಕದ ರಾಜ್ಯಗಳಲ್ಲಿ ಕೇಶಾಲಂಕಾರ ಮತ್ತು ಸೌಂದರ್ಯ ಪ್ರಸಾಧನದ ವೃತ್ತಿಗೆ ಇನ್ನೂ ಬಿಗಿಯಾದ ಕಟ್ಟಳೆಗಳಿವೆ. ಅಲ್ಲಿ ಗೊತ್ತುಪಡಿಸಿದಷ್ಟು ಗಂಟೆಗಳ ತರಬೇತಿ ಪಡೆದು, ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗಷ್ಟೇ ರಾಜ್ಯದ ಮಂಡಳಿ ಪರವಾನಗಿ ನೀಡುತ್ತದೆ. ನಮ್ಮಲ್ಲಿ ಅಂತಹ ರಾಜ್ಯ ಪರೀಕ್ಷೆ ಇಲ್ಲ. ಇಲ್ಲಿ ಪರವಾನಗಿ ದೊರೆಯುವುದು ಅಂಗಡಿಗೇ ಹೊರತು ಕೈಗುಣಕ್ಕಲ್ಲ.

ಕೈಗುಣಕ್ಕೆ ಪರವಾನಗಿ ನೀಡುವವರು ಯಾರು, ಅದು ಎಷ್ಟು ಕಾಲ ಊರ್ಜಿತವಾಗಿರುತ್ತದೆ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಇದೇ ಮುಧೋಳದಲ್ಲಿ ಹೆಂಗಳೆಯರ ಕೈಗೆ ಬಳೆ ತೊಡಿಸುವ ಮನೆತನದಲ್ಲಿ ಹುಟ್ಟಿದ ಹುಡುಗನೊಬ್ಬನು ಆ ಪ್ರಶ್ನೆಯನ್ನು ತನ್ನ ಬದುಕಿನುದ್ದಕ್ಕೂ ಎದುರಿಸಿದನು. ಓದಲು ಅನುಮತಿ, ಬರೆಯಲು ಅನುಮತಿ, ಆಸ್ಥಾನದಲ್ಲಿ ನಿಲ್ಲಲು ಅನುಮತಿ ಎಂದು ಒಂದೊಂದನ್ನೂ ಆತನು ದುಡಿದು ಸಂಪಾದಿಸಬೇಕಾಯಿತು. ಗಳಿಸಿದ್ದನ್ನು ಅರಸರು ಬದಲಾದಾಗಲೆಲ್ಲ ಮತ್ತೆ ಸಾಬೀತುಪಡಿಸಬೇಕಾಯಿತು. ಆತನೇ ಕವಿಚಕ್ರವರ್ತಿ ರನ್ನ.

ಜಂಬುಖಂಡಿ ಎಪ್ಪತ್ತರ ಮುದುವೊಳಲು

ಪ್ರಾಚೀನ ಕನ್ನಡ ಕವಿಗಳಲ್ಲಿ ಅನೇಕರ ಊರು, ಕಾಲ, ಮನೆತನಗಳು ಊಹೆಯ ವಿಷಯಗಳಾಗಿ ಉಳಿದಿವೆ. ಆದರೆ ರನ್ನನು ತನ್ನ ವಿವರಗಳನ್ನು ತಾನೇ ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಬೆಳುಗಲಿ ಐನೂರು ಎಂಬ ನಾಡು, ಅದರೊಳಗೆ ಜಂಬುಖಂಡಿ ಎಪ್ಪತ್ತು ಎಂಬ ಉಪವಿಭಾಗ, ಅದರೊಳಗೆ ಮುದುವೊಳಲು ಎಂಬ ಊರು. ಐನೂರು, ಎಪ್ಪತ್ತು ಎಂಬ ಅಂಕಿಗಳು ಅಂದಿನ ಆಡಳಿತ ವಿಭಾಗಗಳನ್ನು ಸೂಚಿಸುತ್ತವೆ. ಜಂಬುಖಂಡಿಯೇ ಇಂದಿನ ಜಮಖಂಡಿ, ಮುದುವೊಳಲೇ ಘಟಪ್ರಭೆಯ ದಡದ ಇಂದಿನ ಮುಧೋಳ. ಬೆಳುಗಲಿಯ ಹೆಸರನ್ನು ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಎಂಬ ಊರು ಇಂದಿಗೂ ಹೊತ್ತಿದೆ. ಹೀಗೆ ಇಂದಿನ ಬಾಗಲಕೋಟೆ ಜಿಲ್ಲೆಯ ಎರಡು ಪ್ರಮುಖ ಪಟ್ಟಣಗಳ ಹೆಸರುಗಳು ಹತ್ತನೆಯ ಶತಮಾನದ ಕವಿಯೊಬ್ಬನ ವಿಳಾಸದಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತವೆ.

ರನ್ನನು ಜನಿಸಿದ್ದು ಕ್ರಿ.ಶ. 949ರಲ್ಲಿ, ಸೌಮ್ಯ ಸಂವತ್ಸರದಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮತ ಜೈನ, ಕುಲವೃತ್ತಿ ಬಳೆಯ ವ್ಯಾಪಾರ. ಆಗ ಕನ್ನಡ ನಾಡನ್ನು ಆಳುತ್ತಿದ್ದವರು ಮಾನ್ಯಖೇಟದ ರಾಷ್ಟ್ರಕೂಟರು. ರನ್ನನು ಹುಟ್ಟುವ ಎಂಟು ವರ್ಷಗಳ ಮೊದಲು, 941ರಲ್ಲಿ, ಪಂಪನು ತನ್ನ ಎರಡು ಮಹಾಕೃತಿಗಳನ್ನು ರಚಿಸಿದ್ದನು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ನೀಡಿದ್ದನು. ಕನ್ನಡದ ಕಾವ್ಯಪರಂಪರೆ ಎತ್ತರದಲ್ಲಿದ್ದ ಕಾಲವದು. ಆದರೆ ಆ ಎತ್ತರಕ್ಕೆ ಏರುವ ಮೆಟ್ಟಿಲುಗಳು ಬಳೆಗಾರರ ಬೀದಿಯಿಂದ ಆರಂಭವಾಗುತ್ತಿರಲಿಲ್ಲ.

ಬಳೆಯ ಮಲಾರ ಮತ್ತು ಸುಂಕದ ಕಟ್ಟೆ

ಬಳೆಗಾರನದು ವಿಶಿಷ್ಟವಾದ ವೃತ್ತಿ. ಬಳೆಯ ಮಲಾರವನ್ನು ಹೆಗಲಿಗೇರಿಸಿ ಊರೂರು ತಿರುಗುವ ಆತನು ಮನೆಯ ಪಡಸಾಲೆಯವರೆಗೂ ಬರಬಲ್ಲವನು. ಪರಸ್ತ್ರೀಯ ಕೈಹಿಡಿದು, ಬೆರಳುಗಳನ್ನು ಒತ್ತಿ ಮಡಿಸಿ, ನೋವಾಗದಂತೆ, ಬಳೆ ಒಡೆಯದಂತೆ ತೊಡಿಸುವುದು ಆತನ ಕಸುಬು. ಮದುವೆ, ಸೀಮಂತ, ಹಬ್ಬ, ಜಾತ್ರೆಗಳಲ್ಲಿ ಆತನಿಲ್ಲದೆ ಶುಭಕಾರ್ಯ ಪೂರ್ಣವಾಗುವುದಿಲ್ಲ. ಇಷ್ಟೊಂದು ಸಲುಗೆಯನ್ನು ಸಮಾಜವು ಆತನಿಗೆ ನೀಡಿರುವುದು ನಂಬಿಕೆಯ ಮೇಲೆ. ನಡತೆಯಲ್ಲಿ ಒಂದು ತಪ್ಪಾದರೆ ಆ ಊರಿನ ಬಾಗಿಲು ಆತನಿಗೆ ಮಾತ್ರವಲ್ಲ, ಆತನ ಮಕ್ಕಳಿಗೂ ಮುಚ್ಚಿಹೋಗುತ್ತದೆ. ಬರೆದಿಡದ ಈ ಪರವಾನಗಿಯು ಪ್ರತಿ ಮನೆಯಲ್ಲಿ, ಪ್ರತಿ ಬಾರಿಯೂ ನವೀಕರಣಗೊಳ್ಳಬೇಕಾದದ್ದು.

ಬರೆದಿಟ್ಟ ಕಟ್ಟಳೆಗಳೂ ಅಂದು ಇದ್ದವು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ನೇಕಾರನ ಮಗ್ಗಕ್ಕೆ ಮಗ್ಗದೆರೆ, ಎಣ್ಣೆಯ ಗಾಣಕ್ಕೆ ಗಾಣದೆರೆ ಇದ್ದವು. ಇಂದಿನ ರಬಕವಿ-ಬನಹಟ್ಟಿಯ ನೇಕಾರರಿಗೆ ಅಂದಿನ ಮಗ್ಗದೆರೆಯ ಹೆಸರು ಅರ್ಥವಾಗುವುದು ಕಷ್ಟವೇನಲ್ಲ. ವ್ಯಾಪಾರಿಗಳು ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದರು. ಇದೇ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಕೀರ್ತಿ ದಕ್ಷಿಣ ಭಾರತದಾದ್ಯಂತ ಹಬ್ಬಿತ್ತು. ಮಾರುವ ವಸ್ತುವಿನ ಮೇಲೆ ಸುಂಕವನ್ನು ಗೊತ್ತುಪಡಿಸುವಲ್ಲಿ, ದೇವಾಲಯಕ್ಕೆ ದತ್ತಿ ಬಿಡುವಲ್ಲಿ ಇಂತಹ ಸಂಘಗಳ ಮಾತಿಗೆ ತೂಕವಿತ್ತು. ಮೈಸಿಂಗಾರದ ವೃತ್ತಿಗಳೂ ಅರಸೊತ್ತಿಗೆಯ ತೆರಿಗೆಯಿಂದ ಹೊರತಾಗಿರಲಿಲ್ಲ. ರನ್ನನಿಗಿಂತ ಬಹಳ ಈಚೆಗೆ, ಹದಿನಾರನೆಯ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನಿಗೆ ಮೆಚ್ಚಿ ಕ್ಷೌರಿಕರ ಮೇಲಿನ ತೆರಿಗೆಗಳನ್ನು ಮನ್ನಾ ಮಾಡಿದ ಸಂಗತಿಯನ್ನು ಕನ್ನಡ ನಾಡಿನ ಹಲವು ಶಾಸನಗಳು ದಾಖಲಿಸಿವೆ. ಕತ್ತಿ ಹಿಡಿಯುವ ಕೈಗೂ, ಬಳೆ ತೊಡಿಸುವ ಕೈಗೂ ಪ್ರಭುತ್ವದ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಂತಹ ಮನೆತನದ ಹುಡುಗನ ದಾರಿ ಮೊದಲೇ ನಿಶ್ಚಿತವಾಗಿತ್ತು. ಅಣ್ಣಂದಿರೊಡನೆ ವ್ಯಾಪಾರಕ್ಕೆ ಇಳಿಯಬೇಕು, ಬಣ್ಣ ಅಳತೆಗಳ ಭೇದವನ್ನು ಅರಿಯಬೇಕು, ಸುಂಕ ಕಟ್ಟಬೇಕು, ಊರುಗಳ ನಂಬಿಕೆಯನ್ನು ಉಳಿಸಿಕೊಳ್ಳಬೇಕು. ರನ್ನನು ಆ ದಾರಿಯನ್ನು ಹಿಡಿಯಲಿಲ್ಲ. ವಿದ್ಯೆಯ ಹಂಬಲ ಆತನನ್ನು ಮನೆಯಿಂದ ಹೊರಡಿಸಿತು.

ಗುರುವನ್ನು ಅರಸಿ ದಕ್ಷಿಣಕ್ಕೆ

ಬಳೆಗಾರರ ಹುಡುಗನಿಗೆ ಶಾಸ್ತ್ರವೇಕೆಂದು ವಿದ್ವಾಂಸರು ಮೊದಲು ಹಿಂಜರಿದರೆಂಬ ಕಥೆ ಜನರಲ್ಲಿ ಪ್ರಚಲಿತವಾಗಿದೆ. ಕಥೆಯ ಒಂದೊಂದು ವಿವರವನ್ನೂ ಇತಿಹಾಸವೆಂದು ಒಪ್ಪಬೇಕಾಗಿಲ್ಲ. ಆದರೆ ಅಂತಹದೊಂದು ಕಥೆ ಹುಟ್ಟಿ, ಶತಮಾನಗಳ ಕಾಲ ಬಾಳಿದ್ದು ಏಕೆ ಎಂಬುದನ್ನು ಊಹಿಸುವುದು ಕಠಿಣವಲ್ಲ. ಪಂಪನ ತಂದೆ ವೈದಿಕ ಮನೆತನದಿಂದ ಬಂದು ಜೈನ ಮತವನ್ನು ಸ್ವೀಕರಿಸಿದವನು. ಓದುಬರಹ ಆ ಮನೆಗೆ ಹೊಸದಾಗಿರಲಿಲ್ಲ. ರನ್ನನಿಗೆ ಅಂತಹ ಆಸರೆ ಇರಲಿಲ್ಲ. ಆತನಿಗೆ ಅಕ್ಷರವು ಆಸ್ತಿಯಾಗಿ ಬರಲಿಲ್ಲ, ಸಂಪಾದನೆಯಾಗಿ ಬಂದಿತು.

ಆ ಸಂಪಾದನೆಗೆ ನೆರವಾದದ್ದು ಗಂಗರ ನಾಡು. ಗಂಗ ಅರಸರಾದ ಮಾರಸಿಂಹ ಮತ್ತು ರಾಚಮಲ್ಲರ ಬಳಿ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಅಂದಿನ ಜೈನ ಸಮಾಜದ ಬಹು ದೊಡ್ಡ ಆಶ್ರಯದಾತನಾಗಿದ್ದನು. ಸ್ವತಃ ಲೇಖಕನೂ ಆಗಿದ್ದ ಆತನು 978ರಲ್ಲಿ ಚಾವುಂಡರಾಯ ಪುರಾಣವೆಂಬ ಗದ್ಯಕೃತಿಯನ್ನು ರಚಿಸಿದನು. ಕೆಲವು ವರ್ಷಗಳ ಬಳಿಕ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಮೂರ್ತಿಯನ್ನು ನಿಲ್ಲಿಸಿದನು. ಆತನ ಗುರುವಾದ ಅಜಿತಸೇನಾಚಾರ್ಯರೇ ರನ್ನನಿಗೂ ಗುರುಗಳಾದರು. ಬಳೆಗಾರನ ಮಗನೂ, ರಾಜ್ಯದ ಮಂತ್ರಿಯೂ ಒಬ್ಬನೇ ಗುರುವಿನ ಶಿಷ್ಯರಾದರು. ವ್ಯಾಕರಣ, ಛಂದಸ್ಸು, ಪುರಾಣ, ಸಂಸ್ಕೃತ ಪ್ರಾಕೃತ ಸಾಹಿತ್ಯಗಳಲ್ಲಿ ರನ್ನನು ಪಡೆದ ಪಾಂಡಿತ್ಯವು ಆತನ ಕೃತಿಗಳ ಪುಟಪುಟದಲ್ಲಿಯೂ ಕಾಣುತ್ತದೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿರತ್ನನೆಂಬ ಹೆಸರು ಕೊರೆಯಲ್ಪಟ್ಟಿದೆ. ಅದು ರನ್ನನದೇ ಹಸ್ತಾಕ್ಷರವೆಂದು ವಿದ್ವಾಂಸರು ಗುರುತಿಸುತ್ತಾರೆ. ಕವಿರತ್ನವೆಂಬುದು ಆತನ ಬಿರುದುಗಳಲ್ಲಿ ಒಂದು. ಊರು ಬಿಟ್ಟು ಬಂದ ಯುವಕನೊಬ್ಬನು ತನ್ನ ಹೊಸ ಹೆಸರನ್ನು ಕಲ್ಲಿನಲ್ಲಿ ಬರೆದುಕೊಂಡನು. ವಿದ್ಯೆಯ ಮೊದಲ ಪ್ರಮಾಣಪತ್ರವೆಂದು ಅದನ್ನು ಭಾವಿಸಿದರೆ ತಪ್ಪಾಗಲಾರದು.

ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿಯೂ ರನ್ನನ ಕೃತಜ್ಞತೆ ಕಾಣುತ್ತದೆ. ಆತನಿಗೆ ಜಕ್ಕಿ ಮತ್ತು ಶಾಂತಿ ಎಂಬ ಇಬ್ಬರು ಪತ್ನಿಯರು. ಮಗನಿಗೆ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಮೊದಲನೆಯದು ಚಾವುಂಡರಾಯನ ನೆನಪು. ಎರಡನೆಯದು ಲಕ್ಕುಂಡಿಯ ದಾನಚಿಂತಾಮಣಿಯ ನೆನಪು.

ಅರಸರು ಬದಲಾದರು, ಪರೀಕ್ಷೆ ಮತ್ತೆ ಬಂದಿತು

973ರಲ್ಲಿ ಕನ್ನಡ ನಾಡಿನ ರಾಜಕೀಯವು ಬುಡಮೇಲಾಯಿತು. ಇಮ್ಮಡಿ ತೈಲಪನು ರಾಷ್ಟ್ರಕೂಟರ ಕೊನೆಯ ಚಕ್ರವರ್ತಿ ಇಮ್ಮಡಿ ಕರ್ಕನನ್ನು ಸೋಲಿಸಿ ಚಾಲುಕ್ಯರ ಆಳ್ವಿಕೆಯನ್ನು ಮತ್ತೆ ಸ್ಥಾಪಿಸಿದನು. ರಾಷ್ಟ್ರಕೂಟರ ನೆಂಟರೂ ಮಿತ್ರರೂ ಆಗಿದ್ದ ಗಂಗರ ಬಲವು ಕುಗ್ಗುತ್ತ ಬಂದಿತು. ಮಾರಸಿಂಹನು ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹ ಬಿಟ್ಟನು. ಮುಂದೆ 1004ರ ಹೊತ್ತಿಗೆ ತಲಕಾಡು ಚೋಳರ ವಶವಾಯಿತು.

ರಾಷ್ಟ್ರಕೂಟರ ಪತನದ ವೇಳೆಗೆ ರನ್ನನಿಗೆ ಇಪ್ಪತ್ತನಾಲ್ಕು ವರ್ಷ. ಒಂದು ಆಸ್ಥಾನದ ಮನ್ನಣೆ ಮತ್ತೊಂದು ಆಸ್ಥಾನದಲ್ಲಿ ಚಲಾವಣೆಯಾಗುವುದಿಲ್ಲ. ಹೊಸ ಅರಸು, ಹೊಸ ಮಂತ್ರಿಗಳು, ಹೊಸ ಪಂಡಿತರು. ಅವರ ಮುಂದೆ ಆತನು ತನ್ನ ಯೋಗ್ಯತೆಯನ್ನು ಮೊದಲಿನಿಂದ ತೋರಿಸಬೇಕಾಯಿತು. ತಾನು ಏರಿದ ಮೆಟ್ಟಿಲುಗಳನ್ನು ರನ್ನನೇ ಸೂಚಿಸಿದ್ದಾನೆ. ಮೊದಲು ಸಾಮಂತರ ಆದರ, ಅನಂತರ ಮಂಡಲೇಶ್ವರರ ಮನ್ನಣೆ, ಕೊನೆಯಲ್ಲಿ ಚಕ್ರವರ್ತಿಯ ಸನ್ಮಾನ. ಗ್ರಾಮದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ರಾಜಧಾನಿಗೆ ಸಾಗುವ ಕಡತದಂತೆ ಆತನ ಪ್ರತಿಭೆಯು ಒಂದೊಂದು ಹಂತದಲ್ಲಿಯೂ ಪರಿಶೀಲನೆಗೆ ಒಳಗಾಯಿತು.

ತೈಲಪನು ಆತನಿಗೆ ಕವಿಚಕ್ರವರ್ತಿ ಎಂಬ ಬಿರುದನ್ನಿತ್ತು, ಛತ್ರ ಚಾಮರಾದಿ ರಾಜಗೌರವಗಳಿಂದ ಮನ್ನಿಸಿದನು. ರಾಷ್ಟ್ರಕೂಟರ ಕೃಷ್ಣನು ಪೊನ್ನನಿಗೆ ನೀಡಿದ್ದ ಬಿರುದಿಗೆ ಹೊಸ ಚಾಲುಕ್ಯ ಚಕ್ರವರ್ತಿಯು ಹೀಗೆ ಸಾಟಿಯಾದ ಬಿರುದನ್ನು ಸೃಷ್ಟಿಸಿದನೆಂಬುದು ಗಮನಾರ್ಹ. ಹೊಸ ಪ್ರಭುತ್ವಕ್ಕೆ ಹೊಸ ಕವಿಯ ಅವಶ್ಯಕತೆಯಿತ್ತು. ಕವಿಗೆ ಪ್ರಭುತ್ವದ ಮುದ್ರೆಯ ಅವಶ್ಯಕತೆಯಿತ್ತು. ಆ ಮುದ್ರೆ ಬಿದ್ದದ್ದು ಬಳೆಗಾರರ ಮನೆಯ ಮಗನ ಮೇಲೆ.

ಅತ್ತಿಮಬ್ಬೆಯ ಆಶ್ರಯ

ರನ್ನನ ಬದುಕಿನ ಅತ್ಯಂತ ಹಿರಿಯ ಪರಿಚಯ ಯಾವುದೆಂದರೆ ಅದು ಅರಸನದಲ್ಲ, ಒಬ್ಬ ಮಹಿಳೆಯದು. ಅತ್ತಿಮಬ್ಬೆಯು ಮಲ್ಲಪಯ್ಯನ ಮಗಳು, ತೈಲಪನ ದಂಡನಾಯಕರ ಮನೆತನಕ್ಕೆ ಸೇರಿದ ನಾಗದೇವನ ಪತ್ನಿ. ಆಕೆಯ ತಂಗಿ ಗುಂಡಮಬ್ಬೆಯೂ ನಾಗದೇವನನ್ನೇ ವರಿಸಿದ್ದಳು. ಯುದ್ಧದಲ್ಲಿ ನಾಗದೇವನು ಮಡಿದಾಗ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಯು ಬದುಕುಳಿದು ಮಗ ಅಣ್ಣಿಗದೇವನನ್ನು ಬೆಳೆಸಿದಳು. ವ್ರತನಿಯಮಗಳ ಕಠಿಣ ಜೀವನವನ್ನು ಆರಿಸಿಕೊಂಡು, ತನ್ನ ಸಂಪತ್ತನ್ನು ದಾನಕ್ಕೆ ವಿನಿಯೋಗಿಸಿದಳು. ಲಕ್ಕುಂಡಿಯಲ್ಲಿ ಆಕೆ ಕಟ್ಟಿಸಿದ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ದಾನವಿತ್ತಳು.

ಈಕೆಯ ಪ್ರೇರಣೆಯಿಂದ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಎರಡನೆಯ ತೀರ್ಥಂಕರನಾದ ಅಜಿತನಾಥನ ಚರಿತೆಯನ್ನೂ, ಸಗರ ಚಕ್ರವರ್ತಿಯ ಕಥೆಯನ್ನೂ ಒಳಗೊಂಡ ಹನ್ನೆರಡು ಆಶ್ವಾಸಗಳ ಚಂಪೂಕಾವ್ಯವಿದು. ಕಾವ್ಯದ ಜೊತೆಗೆ ಅತ್ತಿಮಬ್ಬೆಯ ಚರಿತೆಯನ್ನೂ, ಗುಣಗಳನ್ನೂ ರನ್ನನು ವಿಸ್ತಾರವಾಗಿ ದಾಖಲಿಸಿದನು. ಹತ್ತನೆಯ ಶತಮಾನದ ಕನ್ನಡ ಮಹಿಳೆಯೊಬ್ಬಳ ಬಗ್ಗೆ ಇಂದು ಇಷ್ಟೊಂದು ತಿಳಿದಿದ್ದರೆ ಅದಕ್ಕೆ ಶಾಸನಗಳೊಡನೆ ಈ ಕಾವ್ಯವೂ ಕಾರಣ.

ಇಲ್ಲಿ ಒಂದು ಸಂಗತಿಯನ್ನು ಮರೆಯಲಾಗದು. ಗಂಡನನ್ನು ಕಳೆದುಕೊಂಡ ಹೆಣ್ಣಿನ ಕೈಯಿಂದ ಬಳೆಯನ್ನು ತೆಗೆಸುವ ರೂಢಿಯನ್ನು ಈ ನಾಡು ಶತಮಾನಗಳ ಕಾಲ ಪಾಲಿಸಿಕೊಂಡು ಬಂದಿತು. ವೈಧವ್ಯವನ್ನು ಅಮಂಗಳವೆಂದು ಎಣಿಸಿದ ಸಮಾಜದಲ್ಲಿ, ಬಳೆಗಾರರ ಮನೆಯಿಂದ ಬಂದ ಕವಿಯು ಆಭರಣಗಳನ್ನು ತೊರೆದು ಬಾಳಿದ ವಿಧವೆಯೊಬ್ಬಳನ್ನು ಪರಮ ಪವಿತ್ರಳೆಂದು ಕೊಂಡಾಡಿದನು. ಅಲಂಕಾರವನ್ನು ಮಾರಿದ ಕುಲದವನಿಗೆ ಅಲಂಕಾರಕ್ಕೆ ಮೀರಿದ ಚೆಲುವಿನ ಅರಿವಿತ್ತು.

ತನ್ನ ಹುಟ್ಟನ್ನು ಮರೆಮಾಚುವ ಅವಕಾಶವೂ ರನ್ನನಿಗಿತ್ತು. ಚಕ್ರವರ್ತಿಯ ಬಿರುದು, ದಂಡನಾಯಕರ ಮನೆಯ ಸ್ನೇಹ, ಆಚಾರ್ಯರ ಆಶೀರ್ವಾದ ಇದ್ದ ಮೇಲೆ ಬಳೆಯ ಮಲಾರದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಆದರೆ ಅಜಿತಪುರಾಣದಲ್ಲಿ ಆತನೇ ತನ್ನ ಕುಲವನ್ನು ಹೇಳಿಕೊಂಡನು. ಪಂಪನು ತನ್ನ ವಂಶಕ್ಕೆ ಧ್ವಜವಾದಂತೆ ತಾನು ವೈಶ್ಯ ವಂಶಕ್ಕೆ ಧ್ವಜವಾದೆನೆಂಬ ಭಾವವನ್ನು ವ್ಯಕ್ತಪಡಿಸಿದನು. ಪಂಪ, ಪೊನ್ನ ಮತ್ತು ತಾನು ಸೇರಿ ಮೂವರು ಜೈನ ಧರ್ಮದ ದೀಪಗಳೆಂದು ಸಾರಿದನು. ರತ್ನತ್ರಯರೆಂದು ಕನ್ನಡಿಗರು ಇಂದಿಗೂ ಹೇಳುವ ಮಾತಿಗೆ ರನ್ನನ ಈ ಆತ್ಮವಿಶ್ವಾಸವೂ ಒಂದು ಮೂಲ.

ಸಾಹಸಭೀಮನ ಕಾವ್ಯ

997ರಲ್ಲಿ ತೈಲಪನ ಮಗ ಸತ್ಯಾಶ್ರಯನು ಪಟ್ಟಕ್ಕೆ ಬಂದನು. ಇರಿವಬೆಡಂಗನೆಂಬುದು ಆತನ ಬಿರುದು. ತಂದೆಯ ಕಾಲದ ಕವಿಯನ್ನು ಮಗನು ಮುಂದುವರಿಸಲೇಬೇಕೆಂಬ ನಿಯಮವೇನೂ ಇಲ್ಲ. ರನ್ನನಿಗೆ ದೊರೆತ ಮನ್ನಣೆ ಈ ಅರಸನ ಆಸ್ಥಾನದಲ್ಲಿಯೂ ಊರ್ಜಿತವಾಯಿತು. ಅದಕ್ಕೆ ಆಧಾರವಾದದ್ದು ಸಾಹಸಭೀಮ ವಿಜಯ ಅಥವಾ ಗದಾಯುದ್ಧ. ಈ ಕಾವ್ಯ ರಚನೆಯಾದ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸತ್ಯಾಶ್ರಯನು ಇನ್ನೂ ಯುವರಾಜನಾಗಿದ್ದಾಗಲೇ ಬರೆದದ್ದೆಂದು ಕೆಲವರೂ, ಆತನು ಅರಸನಾದ ಮೇಲೆ ಬರೆದದ್ದೆಂದು ಕೆಲವರೂ ವಾದಿಸುತ್ತಾರೆ. ಕಾವ್ಯದ ನಾಯಕ ಭೀಮನಲ್ಲಿ ರನ್ನನು ಸತ್ಯಾಶ್ರಯನನ್ನು ಕಂಡನೆಂಬುದರಲ್ಲಿ ಮಾತ್ರ ಸಂಶಯವಿಲ್ಲ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಪಂಪನ ದಾರಿಯಿದು.

ಪಂಪಭಾರತದ ಹದಿಮೂರನೆಯ ಆಶ್ವಾಸದಲ್ಲಿ ಬರುವ ಕಥಾಭಾಗವನ್ನು ಎತ್ತಿಕೊಂಡು ರನ್ನನು ಹತ್ತು ಆಶ್ವಾಸಗಳ ಕಾವ್ಯವನ್ನಾಗಿ ಬೆಳೆಸಿದನು. ಸಿಂಹಾವಲೋಕನ ಕ್ರಮದಿಂದ, ಅಂದರೆ ಸಿಂಹವು ತಿರುಗಿ ಹಿಂದೆ ನೋಡುವಂತೆ, ಯುದ್ಧದ ಕೊನೆಯ ದಿನದಲ್ಲಿ ನಿಂತು ಇಡೀ ಮಹಾಭಾರತವನ್ನು ಹಿಂದಿರುಗಿ ನೋಡಿದನು. ಕಾವ್ಯವು ನಾಟಕದ ಗುಣದಿಂದ ತುಂಬಿದೆ. ಮಾತಿಗೆ ಮಾತು, ಸವಾಲಿಗೆ ಸವಾಲು. ಆಧುನಿಕ ಕಾಲದಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಇದನ್ನು ಗದಾಯುದ್ಧ ನಾಟಕವನ್ನಾಗಿ ರೂಪಿಸಿದ್ದು ಆಕಸ್ಮಿಕವಲ್ಲ.

ಆಶ್ರಯದಾತನು ಭೀಮನಾದರೂ ಓದುಗರ ಮನಸ್ಸನ್ನು ಗೆದ್ದವನು ದುರ್ಯೋಧನ. ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ, ಹೆಣಗಳನ್ನು ದಾಟುತ್ತ, ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಆತನು ಅಳುವ ಭಾಗಗಳು ಕನ್ನಡ ಸಾಹಿತ್ಯದ ಅಮೂಲ್ಯ ಪುಟಗಳು. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಆತನು ಮುಕ್ತಕಂಠದಿಂದ ಮೆಚ್ಚುತ್ತಾನೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದವನು ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವರುವ ಚಿತ್ರವು ಪಠ್ಯಪುಸ್ತಕಗಳ ಮೂಲಕ ಕನ್ನಡದ ಮಕ್ಕಳಿಗೆ ಪರಿಚಿತವಾಗಿದೆ. ಅರಸನನ್ನು ಹೊಗಳಲೆಂದು ಹೊರಟ ಕಾವ್ಯದಲ್ಲಿ ಅರಸನ ಎದುರಾಳಿಗೆ ಇಷ್ಟು ದೊಡ್ಡ ಮನಸ್ಸನ್ನು ಕೊಡುವುದು ಸಾಮಾನ್ಯ ಧೈರ್ಯವಲ್ಲ. ಪ್ರಭುತ್ವವು ನೀಡಿದ ಪರವಾನಗಿಯ ಮೇರೆಯನ್ನು ರನ್ನನು ಇಲ್ಲಿ ಮೀರಿದನು. ಮೀರಿಯೂ ಅದನ್ನು ಕಳೆದುಕೊಳ್ಳಲಿಲ್ಲ.

ಕಾವ್ಯದ ಆದಿ ಅಂತ್ಯಗಳನ್ನು ಹಿಡಿದಿರುವುದು ದ್ರೌಪದಿಯ ಮುಡಿ. ತುಂಬಿದ ಸಭೆಯಲ್ಲಿ ಬಿಚ್ಚಿದ ಮುಡಿ, ಸೇಡು ತೀರುವವರೆಗೆ ಕಟ್ಟಲಾಗದ ಮುಡಿ. ಭೀಮನೊಡನೆ ಆಕೆಯ ಮಾತಿನಿಂದ ಕಥೆಗೆ ಕಾವು ಏರುತ್ತದೆ. ಪ್ರತಿಜ್ಞೆ ತೀರಿದ ಮೇಲೆ ಭೀಮನು ಆ ಮುಡಿಯನ್ನು ಕಟ್ಟುತ್ತಾನೆ. ಬಳಿಕ ಭೀಮನ ಪಟ್ಟಾಭಿಷೇಕದೊಂದಿಗೆ ಕಾವ್ಯವು ಮುಗಿಯುತ್ತದೆ. ಸಂಸ್ಕೃತದ ಭಟ್ಟನಾರಾಯಣನ ವೇಣೀಸಂಹಾರವು ಈ ಕಲ್ಪನೆಗೆ ಪ್ರೇರಣೆ ನೀಡಿದೆ. ಆದರೂ, ಹೆಣ್ಣಿನ ಸಿಂಗಾರವೆಂಬುದು ಕೇವಲ ಸೊಗಸಲ್ಲ, ಅದು ಆಕೆಯ ಮಾನದ ಗುರುತು ಎಂಬ ತಿಳಿವಳಿಕೆಯು ಬಳೆ ತೊಡಿಸುವವರ ಮನೆಯಲ್ಲಿ ಬೆಳೆದವನಿಗೆ ಪುಸ್ತಕದಿಂದ ಮಾತ್ರ ಬಂದಿರಲಾರದು.

ಪರೀಕ್ಷಕರಿಗೇ ಸವಾಲು

ರನ್ನನ ಸ್ವಭಾವದಲ್ಲಿ ವಿನಯಕ್ಕಿಂತ ಆತ್ಮಪ್ರತ್ಯಯವೇ ಹೆಚ್ಚು ಎದ್ದು ಕಾಣುತ್ತದೆ. ಸರಸ್ವತಿಯ ಭಂಡಾರದ ಮುದ್ರೆಯನ್ನು ಒಡೆದವನು ತಾನೆಂಬ ಅರ್ಥದ ಮಾತನ್ನು ಆತನು ಬರೆದುಕೊಂಡಿದ್ದಾನೆ. ರತ್ನಗಳನ್ನು ಪರೀಕ್ಷಿಸುವವರಂತೆ ತನ್ನ ಕೃತಿರತ್ನವನ್ನು ಪರೀಕ್ಷಿಸಲು ಹೊರಡುವವರಿಗೆ ಎಂಥ ಗುಂಡಿಗೆ ಬೇಕಾದೀತೆಂದು ಕೇಳಿದ್ದಾನೆ. ಇದನ್ನು ಅಹಂಕಾರವೆಂದು ತೀರ್ಪು ಕೊಡುವುದು ಸುಲಭ. ಆದರೆ ಬಾಲ್ಯದಿಂದ ಒಂದಲ್ಲ ಒಂದು ಪರೀಕ್ಷೆಯ ಮುಂದೆ ನಿಂತವನು, ಗುರುಗಳ ಮುಂದೆ, ಸಾಮಂತರ ಮುಂದೆ, ಇಬ್ಬರು ಚಕ್ರವರ್ತಿಗಳ ಮುಂದೆ ತನ್ನ ಅರ್ಹತೆಯನ್ನು ತೋರಿಸಿದವನು, ಕೊನೆಗೊಮ್ಮೆ ಪರೀಕ್ಷಕನ ಯೋಗ್ಯತೆಯೇನೆಂದು ಕೇಳಿದರೆ ಅದರಲ್ಲಿ ಅಹಂಕಾರಕ್ಕಿಂತ ಅನುಭವವೇ ಹೆಚ್ಚಿರುತ್ತದೆ. ಬಾಗಿಲು ತೆರೆಯುವ ಹಕ್ಕು ಹುಟ್ಟಿನಿಂದ ಬಂದವರಿಗೆ ಮುದ್ರೆಯನ್ನು ಒಡೆಯುವ ಅಗತ್ಯವೇ ಬೀಳುವುದಿಲ್ಲ.

ಉಳಿದದ್ದು, ಅಳಿದದ್ದು

ರನ್ನನು ಬರೆದ ಎಲ್ಲವೂ ಉಳಿದು ಬಂದಿಲ್ಲ. ಪರಶುರಾಮ ಚರಿತ, ಚಕ್ರೇಶ್ವರ ಚರಿತ ಎಂಬ ಎರಡು ಕೃತಿಗಳು ಹೆಸರಿನಿಂದ ಮಾತ್ರ ತಿಳಿದಿವೆ. ರನ್ನಕಂದವೆಂಬ ನಿಘಂಟಿನ ಕೆಲವು ಪದ್ಯಗಳಷ್ಟೇ ದೊರೆತಿವೆ. ಚಕ್ರವರ್ತಿಯ ಬಿರುದು, ಬೆಳ್ಗೊಡೆ, ಚಾಮರಗಳು ಆ ಕೃತಿಗಳನ್ನು ಉಳಿಸಲಿಲ್ಲ. ತಾಳೆಗರಿಗೆ ಆಯುಷ್ಯವಿದೆ. ಗೆದ್ದಲು, ತೇವ, ಬೆಂಕಿಗಳಿಂದ ಪಾರಾದರೂ ಕೆಲವು ತಲೆಮಾರುಗಳ ಬಳಿಕ ಗರಿ ಪುಡಿಯಾಗುತ್ತದೆ. ಅಷ್ಟರೊಳಗೆ ಮತ್ತೊಬ್ಬ ಲಿಪಿಕಾರನು ಕುಳಿತು ಹೊಸ ಗರಿಯ ಮೇಲೆ ಅದನ್ನು ನಕಲು ಮಾಡಬೇಕು. ಪುಸ್ತಕದ ನವೀಕರಣವೆಂದರೆ ಇದೇ. ಒಂದು ತಲೆಮಾರು ಅದನ್ನು ಮರೆತರೆ ಕೃತಿಯು ರದ್ದಾಗುತ್ತದೆ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದ ಅತ್ತಿಮಬ್ಬೆಗೆ ಈ ಸತ್ಯವು ಚೆನ್ನಾಗಿ ಗೊತ್ತಿತ್ತು.

ಅಜಿತಪುರಾಣ ಮತ್ತು ಗದಾಯುದ್ಧಗಳು ಹೀಗೆ ನಕಲಿನಿಂದ ನಕಲಿಗೆ ದಾಟಿ, ಮುದ್ರಣ ಯಂತ್ರದವರೆಗೆ ಬಂದವು. ಹಳಗನ್ನಡವು ಕಠಿಣವೆನಿಸತೊಡಗಿದ ಕಾಲದಲ್ಲಿ ತೀ.ನಂ. ಶ್ರೀಕಂಠಯ್ಯನವರು ಗದಾಯುದ್ಧ ಸಂಗ್ರಹವನ್ನು ಸಿದ್ಧಪಡಿಸಿ ವಿದ್ಯಾರ್ಥಿಗಳ ಕೈಗಿತ್ತರು. ಶಾಲಾ ಕಾಲೇಜುಗಳ ಪಠ್ಯ, ರಂಗಭೂಮಿ, ಗಮಕಿಗಳ ವಾಚನ ಇವೆಲ್ಲ ರನ್ನನ ಕಾವ್ಯಕ್ಕೆ ದೊರೆತ ಮರುನೋಂದಣಿಗಳು. ಪರಶುರಾಮ ಚರಿತಕ್ಕೆ ಅಂತಹ ಭಾಗ್ಯ ದೊರೆಯಲಿಲ್ಲ. ಎಲ್ಲಿಯೋ ಒಂದು ತಲೆಮಾರಿನಲ್ಲಿ ನಕಲು ಮ��ಡುವ ಕೈ ನಿಂತುಹೋಯಿತು.

ತವರೂರಿನ ನೆನಪು

1997ರಲ್ಲಿ ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆ ರೂಪುಗೊಂಡ ಬಳಿಕ ರನ್ನನು ಈ ಜಿಲ್ಲೆಯ ಸಾಂಸ್ಕೃತಿಕ ಹೆಮ್ಮೆಯಾದನು. ಮುಧೋಳದಲ್ಲಿ ಆತನ ಹೆಸರಿನ ಪ್ರತಿಷ್ಠಾನವಿದೆ. ರನ್ನನ ಹೆಸರಿನಲ್ಲಿ ಉತ್ಸವಗಳು ನಡೆದಿವೆ. ಊರಿನ ಹೆಸರಿನೊಡನೆಯೇ ಕವಿಯ ಹೆಸರನ್ನು ಬೆಸೆದುಕೊಂಡ ರನ್ನ ಬೆಳಗಲಿಯ ಜನರ ಅಭಿಮಾನವು ಉತ್ಸವಕ್ಕೂ ಮೀರಿದ್ದು. ನಾಯಿಯ ತಳಿ, ಸಕ್ಕರೆ ಕಾರ್ಖಾನೆ, ಘೋರ್ಪಡೆ ಸಂಸ್ಥಾನಗಳಿಂದ ಹೊರಗಿನವರಿಗೆ ಪರಿಚಿತವಾದ ಮುಧೋಳಕ್ಕೆ ಅದಕ್ಕೂ ಹಳೆಯ ಪರಿಚಯವೊಂದಿದೆಯೆಂಬುದನ್ನು ಈ ಹೆಸರುಗಳು ನೆನಪಿಸುತ್ತವೆ.

ಆದರೆ ಸ್ಮಾರಕಗಳಷ್ಟೇ ಸಾಲದು. ರನ್ನನ ಬದುಕಿನಿಂದ ಇಂದಿನ ಸಮಾಜವು ಕಲಿಯಬೇಕಾದುದು ಬೇರೆಯೇ ಇದೆ. ಈ ನಾಲ್ಕು ಊರುಗಳಲ್ಲಿ ಇಂದಿಗೂ ಬಳೆ ತೊಡಿಸುವವರಿದ್ದಾರೆ, ಕ್ಷೌರದ ಅಂಗಡಿಗಳಿವೆ, ಮನೆಯ ಮುಂದಿನ ಕೋಣೆಯಲ್ಲಿಯೇ ಬ್ಯೂಟಿ ಪಾರ್ಲರ್ ನಡೆಸಿ ಸಂಸಾರ ತೂಗಿಸುವ ಹೆಣ್ಣುಮಕ್ಕಳಿದ್ದಾರೆ, ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಸೌಂದರ್ಯ ಪ್ರಸಾಧನವನ್ನು ಕಲಿಯುವ ಅವಕಾಶವೂ ಬಂದಿದೆ. ಪರವಾನಗಿ, ನೋಂದಣಿ, ನವೀಕರಣಗಳು ಕ್ರಮಬದ್ಧವಾಗಿರುವುದು ಅವಶ್ಯಕವೇ ಸರಿ. ಆದರೆ ಆ ಮನೆಗಳ ಮಕ್ಕಳು ಪುಸ್ತಕ ಹಿಡಿದು ಹೊರಟಾಗ ಅವರಿಂದ ಯಾವ ಅನುಮತಿಪತ್ರವನ್ನು ಕೇಳಲಾಗುತ್ತಿದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಜಿನವಲ್ಲಭ ಅಬ್ಬಲಬ್ಬೆಯರ ಮಗನಿಗೆ ಅಜಿತಸೇನರು ದೊರೆತರು, ಚಾವುಂಡರಾಯನು ದೊರೆತನು, ಅತ್ತಿಮಬ್ಬೆ ದೊರೆತಳು. ಅವರು ದೊರೆಯದೆ ಹೋಗಿದ್ದರೆ ಮುದುವೊಳಲಿನ ಪೇಟೆಯಲ್ಲಿ ಸುಂಕ ಕಟ್ಟಿ ಬಳೆ ಮಾರಿದ ಹಲವು ಮಂದಿಯಲ್ಲಿ ಒಬ್ಬನಾಗಿ ಆತನು ಹೆಸರಿಲ್ಲದೆ ಹೋಗುತ್ತಿದ್ದನು. ಆತನಿಗೆ ಬಿರುದನ್ನಿತ್ತ ಚಾಲುಕ್ಯರ ಸಿಂಹಾಸನ ಇಂದಿಲ್ಲ, ಅವರ ಸುಂಕದ ಕಟ್ಟೆಗಳೂ ಇಲ್ಲ. ಗದಾಯುದ್ಧವನ್ನು ಓದುವವರು ಇದ್ದಾರೆ. ಅವರು ಇರುವಷ್ಟು ಕಾಲ ಮುಧೋಳದ ಬಳೆಗಾರರ ಮಗನ ಪಟ್ಟವು ಊರ್ಜಿತವಾಗಿಯೇ ಇರುತ್ತದೆ.